ಬಾವಲಿಗಳಿಗೆ ದೊಡ್ಡ ಗೂಡು: ಕಟ್ಟುವ ಅಳತೆ, ನಿಲ್ಲಿಸುವ ಜಾಗ, ಕಾಯುವ ಕಾಲ

ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್ ಊರಿನಲ್ಲಿ, ಫ್ಲಾರಿಡಾ ವಿಶ್ವವಿದ್ಯಾಲಯದ ಆವರಣದೊಳಗೆ, ಆಲಿಸ್ ಕೆರೆಯ ಎದುರು ಬದಿಗೆ, ಎತ್ತರದ ಕಂಬಗಳ ಮೇಲೆ ಮಾಡು ಹೊದಿಸಿದ ದೊಡ್ಡ ಮರದ ಗೂಡುಗಳು ನಿಂತಿವೆ. ಸೂರ್ಯ ಮುಳುಗಿ ಕಾಲು ಗಂಟೆಯಾಗುವಷ್ಟರಲ್ಲಿ ಅವುಗಳ ತಳದಿಂದ ಮೊದಲು ಒಂದೆರಡು, ಆಮೇಲೆ ಹತ್ತಾರು, ನೋಡನೋಡುತ್ತಿದ್ದಂತೆ ಹೊಗೆಯ ಹಾಗೆ ದಟ್ಟವಾಗಿ ಬಾವಲಿಗಳು ಹೊರಬೀಳುತ್ತವೆ. ಅಲ್ಲಿರುವ ಬಾವಲಿಗಳ ಸಂಖ್ಯೆಯನ್ನು ಲಕ್ಷಗಳಲ್ಲಿ ಎಣಿಸುತ್ತಾರೆ. ಮನುಷ್ಯರು ಬಾವಲಿಗಳಿಗೆಂದೇ ಕಟ್ಟಿದ, ಅವು ಒಪ್ಪಿಕೊಂಡು ಬಂದು ನೆಲೆಸಿದ ಗೂಡುಗಳಲ್ಲಿ ಇವು ಜಗತ್ತಿನಲ್ಲೇ ಅತಿ ದೊಡ್ಡವುಗಳ ಸಾಲಿಗೆ ಸೇರುತ್ತವೆ.

ಈ ಗೂಡು ಹುಟ್ಟಿದ್ದು ಒಂದು ಬೆಂಕಿ ಅನಾಹುತದಿಂದ. 1987ರಲ್ಲಿ ಆವರಣದ ಜಾನ್ಸನ್ ಹಾಲ್ ಎಂಬ ಹಳೆಯ ಕಟ್ಟಡ ಸುಟ್ಟುಹೋದಾಗ ಅದರ ಅಟ್ಟದಲ್ಲಿದ್ದ ಬಾವಲಿಗಳು ನೆಲೆ ಕಳೆದುಕೊಂಡು, ಟೆನಿಸ್ ಅಂಗಳದ ಮತ್ತು ಓಟದ ಮೈದಾನದ ಪ್ರೇಕ್ಷಕರ ಆಸನಗಳ ಅಡಿಯಲ್ಲಿದ್ದ ಕಾಂಕ್ರೀಟ್ ಸಂದುಗಳಿಗೆ ಸೇರಿಕೊಂಡವು. ಹಿಕ್ಕೆಯ ವಾಸನೆ ತಾಳಲಾರದೆ 1991ರಲ್ಲಿ ಅವುಗಳಿಗೊಂದು ಪ್ರತ್ಯೇಕ ಗೂಡನ್ನು ಕಟ್ಟಿಸಿ, ಸಾವಿರಾರು ಬಾವಲಿಗಳನ್ನು ಹಿಡಿದು ತಂದು ಅದರೊಳಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಅವೆಲ್ಲ ಹೊರಟುಹೋದವು. ಗೂಡು ವರ್ಷಗಟ್ಟಲೆ ಖಾಲಿ ನಿಂತಿತು. 1995ರಲ್ಲಿ, ಯಾರೂ ಕರೆಯದೆ, ಯಾರೂ ಹೊತ್ತು ತರದೆ, ಬಾವಲಿಗಳು ತಾವಾಗಿ ಬಂದು ಸೇರಿದವು. ಗೂಡು ಕಟ್ಟಲು ಹೊರಟಿರುವವರು ಈ ಘಟನೆಯನ್ನು ಮೊದಲಿಗೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಾವಲಿಯನ್ನು ಹಿಡಿದು ತಂದು ಕೂರಿಸಲಾಗದು. ಅದರ ದೇಹಕ್ಕೆ ಒಪ್ಪುವ ಬಿಸಿಯನ್ನೂ ಇಕ್ಕಟ್ಟನ್ನೂ ಸಿದ್ಧಮಾಡಿಟ್ಟು, ಅದಾಗಿ ಬರುವವರೆಗೆ ಕಾಯಬಹುದು, ಅಷ್ಟೆ.

ನಾನು ಈ ಊರಿನಿಂದ ಅರ್ಧ ಗಂಟೆಯ ದಾರಿಯಲ್ಲಿ ಹಲವು ವರ್ಷಗಳಿಂದ ವಾಸವಾಗಿದ್ದೇನೆ. ಇಲ್ಲಿನ ಕನ್ನಡಿಗರಲ್ಲಿ ಹಿತ್ತಿಲಿನಲ್ಲಿ ಅರ್ಧ ಎಕರೆ, ಒಂದು ಎಕರೆ ಜಾಗವಿರುವವರು ಬಹಳ ಮಂದಿ ಇದ್ದಾರೆ; ಕರ್ನಾಟಕದ ತಮ್ಮ ಊರಿನಲ್ಲಿ ತೋಟವಿಟ್ಟುಕೊಂಡವರೂ ಇದ್ದಾರೆ. ಅವರೆಲ್ಲರಿಗೂ ಉಪಯೋಗವಾಗಲೆಂದು, ನಾನು ತಪ್ಪಿ ಕಲಿತದ್ದನ್ನೂ ಸೇರಿಸಿ, ಈ ಕೆಲಸದ ಕ್ರಮವನ್ನು ವಿವರಿಸುತ್ತಿದ್ದೇನೆ.

ಯಾವ ಬಾವಲಿ ಬರುತ್ತದೆ, ಯಾವುದು ಬರುವುದಿಲ್ಲ

ಎಲ್ಲ ಬಾವಲಿಗಳೂ ಪೆಟ್ಟಿಗೆಯ ಗೂಡಿಗೆ ಬರುವುದಿಲ್ಲ. ಹಣ್ಣು ತಿನ್ನುವ ದೊಡ್ಡ ತೊಗಲು ಬಾವಲಿಗಳು ಆಲದ ಮರದಲ್ಲೋ ಅರಳಿಯಲ್ಲೋ ಬಯಲಿಗೆ ಜೋತುಬೀಳುವವು. ಅವುಗಳಿಗೆ ಗೂಡು ಬೇಡ, ಮರ ಉಳಿಸಿದರೆ ಸಾಕು. ಕೀಟ ತಿನ್ನುವ ಸಣ್ಣ ಬಾವಲಿಗಳಲ್ಲೂ ಎರಡು ಸ್ವಭಾವಗಳಿವೆ. ಕೆಲವು ಗುಹೆಯ ಮಾಳಿಗೆಗೆ ಕಾಲುಗುರು ಸಿಕ್ಕಿಸಿ, ಮೈಯನ್ನು ಗಾಳಿಗೆ ಬಿಟ್ಟು ತೂಗಾಡುತ್ತವೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಉಳಿದಿರುವ ಕೋಲಾರದ ಎಲೆಮೂಗಿನ ಬಾವಲಿ ಈ ಗುಂಪಿನದು. ಇಂಥವುಗಳಿಗೆ ನಾವು ಎಷ್ಟು ಚೆಂದದ ಪೆಟ್ಟಿಗೆ ಕಟ್ಟಿದರೂ ಪ್ರಯೋಜನವಿಲ್ಲ. ಇನ್ನು ಕೆಲವು ಎರಡು ಮೇಲ್ಮೈಗಳ ನಡುವಿನ ಸಂದಿಗೆ ತೂರಿ, ಬೆನ್ನು ಒಂದು ಕಡೆಗೂ ಹೊಟ್ಟೆ ಇನ್ನೊಂದು ಕಡೆಗೂ ತಾಗುವಂತೆ ಒತ್ತರಿಸಿಕೊಂಡು ಮಲಗುತ್ತವೆ. ಒಣಮರದ ಸಡಿಲವಾದ ತೊಗಟೆ, ಬಂಡೆಯ ಬಿರುಕು, ಹಂಚು ಮತ್ತು ರೀಪಿನ ನಡುವಿನ ಜಾಗ, ಇವು ಅವುಗಳ ಮನೆ. ನಮ್ಮ ಗೂಡು ಇವುಗಳಿಗಾಗಿ.

ಉತ್ತರ ಫ್ಲಾರಿಡಾದಲ್ಲಿ ಮುಖ್ಯವಾಗಿ ಬರುವವು ಮೂರು ಜಾತಿಯವು: ಬಾಲದ ತುದಿ ರೆಕ್ಕೆಯ ತೊಗಲಿನಿಂದ ಹೊರಗೆ ಚಾಚಿರುವ ಬ್ರೆಜಿಲ್ ಬಾಲದ ಬಾವಲಿ, ಕಂದು ಮೈಯ ಸಂಜೆ ಬಾವಲಿ, ಮತ್ತು ಆಗ್ನೇಯ ಅಮೆರಿಕದ ಮಯೋಟಿಸ್. ಐದರಿಂದ ಹದಿನಾಲ್ಕು ಗ್ರಾಂ ತೂಗುವ ಇವು ರೆಕ್ಕೆ ಮಡಿಸಿದರೆ ಹೆಬ್ಬೆರಳಿನಷ್ಟೇ ಇರುತ್ತವೆ.

ಗೂಡು ದೊಡ್ಡದಿರಬೇಕು, ಏಕೆ

ಬೇಸಿಗೆಯಲ್ಲಿ ಹೆಣ್ಣುಗಳು ಒಟ್ಟುಗೂಡಿ ಮರಿ ಹಾಕುತ್ತವೆ. ಮರಿಗಳಿಗೆ ಮೈಮೇಲೆ ರೋಮವಿರುವುದಿಲ್ಲ. ತಾಯಿ ರಾತ್ರಿ ಬೇಟೆಗೆ ಹೋದಾಗ ಅವು ಗೂಡಿನ ಬಿಸಿಯಿಂದಲೂ ಒಂದರ ಮೈಗೊಂದು ಅಂಟಿಕೊಂಡ ಬಿಸಿಯಿಂದಲೂ ಬದುಕಬೇಕು. 27ರಿಂದ 38 ಡಿಗ್ರಿ ಸೆಲ್ಸಿಯಸ್ ಅವುಗಳಿಗೆ ಹಿತವಾದ ಬಿಸಿ. ಅಂಗಡಿಯಲ್ಲಿ ಸಿಗುವ, ಹಕ್ಕಿಗೂಡಿನ ಗಾತ್ರದ ಒಂದೇ ಖಾನೆಯ ಪೆಟ್ಟಿಗೆ ಮಧ್ಯಾಹ್ನ ಬಾಣಲೆಯಂತೆ ಕಾಯುತ್ತದೆ, ಬೆಳಗಿನ ಜಾವಕ್ಕೆ ತಣ್ಣಗಾಗುತ್ತದೆ. ಅದರಲ್ಲಿ ಒಂದೆರಡು ಗಂಡು ಬಾವಲಿಗಳು ಹಗಲು ಕಳೆಯಬಹುದೇ ಹೊರತು ಬಾಣಂತನಕ್ಕೆ ಅದು ತಕ್ಕುದಲ್ಲ. ಎರಡಡಿಗೂ ಹೆಚ್ಚು ಎತ್ತರವಿರುವ, ನಾಲ್ಕು ಖಾನೆಗಳ ಗೂಡಿನಲ್ಲಿ ಮೇಲೆ ಹೆಚ್ಚು ಬಿಸಿ, ಕೆಳಗೆ ಕಡಿಮೆ. ಬಿಸಿಲಿಗೆ ಮುಖಮಾಡಿದ ಖಾನೆಯಲ್ಲಿ ಹೆಚ್ಚು, ಹಿಂದಿನದರಲ್ಲಿ ಕಡಿಮೆ. ಬಾವಲಿಗಳು ಹೊತ್ತಿಗೆ ತಕ್ಕಂತೆ ಮೇಲೆ ಕೆಳಗೆ, ಹಿಂದೆ ಮುಂದೆ ಸರಿದು ತಮಗೆ ಬೇಕಾದ ಬಿಸಿಯನ್ನು ಆರಿಸಿಕೊಳ್ಳುತ್ತವೆ. ಇದೇ ಕಾರಣಕ್ಕೆ, ಮರಿ ಹಾಕುವ ಗುಂಪನ್ನು ಕರೆಯಬೇಕೆನ್ನುವವರು ಚಿಕ್ಕ ಪೆಟ್ಟಿಗೆ ನಾಲ್ಕನ್ನು ತೂಗುಹಾಕುವುದಕ್ಕಿಂತ ದೊಡ್ಡದೊಂದನ್ನು ಕಟ್ಟುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮರಗೆಲಸ

ನಾನು ಕಟ್ಟುವ ನಾಲ್ಕು ಖಾನೆಯ ಗೂಡಿಗೆ ಹೊರಗಿನ ಬಳಕೆಗೆ ಯೋಗ್ಯವಾದ 12 ಎಂ.ಎಂ. ಪ್ಲೈವುಡ್ ಅರ್ಧ ಹಾಳೆ, 9 ಎಂ.ಎಂ. ಪ್ಲೈವುಡ್ ಅರ್ಧ ಹಾಳೆ, ಎಂಟಡಿ ಉದ್ದದ ಮೂರು ರೀಪುಗಳು ಸಾಕಾಗುತ್ತವೆ. ಅರ್ಧ ಹಾಳೆಯೆಂದರೆ 24 ಇಂಚು ಅಗಲ, 96 ಇಂಚು ಉದ್ದ. ಹುಳು ಹಿಡಿಯದಿರಲೆಂದು ರಾಸಾಯನಿಕದಲ್ಲಿ ಅದ್ದಿ ತೆಗೆದ ಮರವನ್ನು ಗೂಡಿನ ಯಾವ ಭಾಗಕ್ಕೂ ಬಳಸಕೂಡದು. ಬಾವಲಿಗಳು ಮೈ ನೆಕ್ಕಿಕೊಳ್ಳುವ ಪ್ರಾಣಿಗಳು, ಆ ವಿಷ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ರೀಪುಗಳ ವಿಷಯದಲ್ಲಿ ಇಲ್ಲಿನ ಅಂಗಡಿಗಳ ಒಂದು ರೂಢಿ ನಮಗೆ ಅನುಕೂಲವಾಗಿದೆ: 'ಒಂದು ಬೈ ಎರಡು' ಎಂದು ಮಾರುವ ರೀಪು ನಿಜದಲ್ಲಿ ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ ಇರುತ್ತದೆ. ನಮಗೆ ಬೇಕಾದದ್ದೂ ಅದೇ ಮುಕ್ಕಾಲು ಇಂಚು.

12 ಎಂ.ಎಂ. ಹಾಳೆಯಲ್ಲಿ ಹಿಂಬದಿಯ ಹಲಗೆಯನ್ನು 24 ಇಂಚು ಅಗಲ, 32 ಇಂಚು ಎತ್ತರಕ್ಕೆ ಕತ್ತರಿಸಿಕೊಳ್ಳಬೇಕು. ಮುಂಬದಿಯ ಹಲಗೆ ಎರಡು ತುಂಡಾಗಿರಲಿ: ಮೇಲಿನದು ಹತ್ತೊಂಬತ್ತೂವರೆ ಇಂಚು, ಕೆಳಗಿನದು ಆರು ಇಂಚು ಎತ್ತರ. ಇವೆರಡರ ನಡುವೆ ಬಿಡುವ ಅರ್ಧ ಇಂಚಿನ ಅಡ್ಡ ಸೀಳು ಗಾಳಿಯಾಡುವುದಕ್ಕೆ. ಜುಲೈ ತಿಂಗಳ ಮಧ್ಯಾಹ್ನಗಳು ಸರಾಸರಿ 30 ಡಿಗ್ರಿ ಮುಟ್ಟುವ ಊರುಗಳಲ್ಲಿ ಈ ಸೀಳನ್ನು ಬಿಡಲೇಬೇಕು. ಎಲ್ಲ ಸೇರಿ ಮುಂಬದಿಯ ಎತ್ತರ 26 ಇಂಚು. 9 ಎಂ.ಎಂ. ಹಾಳೆಯಲ್ಲಿ 24 ಇಂಚು ಅಗಲ, 26 ಇಂಚು ಎತ್ತರದ ಮೂರು ನಡುಹಲಗೆಗಳು ಬರುತ್ತವೆ. ಪ್ರತಿ ನಡುಹಲಗೆಯ ಮಧ್ಯಭಾಗದಲ್ಲಿ ಒಂದೂವರೆ ಇಂಚು ಅಗಲದ ಎರಡು ದುಂಡು ತೂತುಗಳನ್ನು ಕೊರೆದರೆ ಬಾವಲಿಗಳು ಹೊರಗೆ ಬಾರದೆಯೇ ಖಾನೆಯಿಂದ ಖಾನೆಗೆ ದಾಟಬಲ್ಲವು. ರೀಪುಗಳನ್ನು 26 ಇಂಚಿನ ಎಂಟು ತುಂಡುಗಳಾಗಿ ಕತ್ತರಿಸಬೇಕು.

ಜೋಡಿಸುವ ಮೊದಲು ಮಾಡಬೇಕಾದ, ಅತ್ಯಂತ ಬೇಸರದ, ಆದರೆ ತಪ್ಪಿಸಕೂಡದ ಕೆಲಸವೊಂದಿದೆ. ಬಾವಲಿಯ ಕಾಲುಗುರಿಗೆ ಹಿಡಿತ ಬೇಕು. ಹಿಂಬದಿಯ ಹಲಗೆಯ ಒಳಮೈ, ನಡುಹಲಗೆಗಳ ಎರಡೂ ಮೈ, ಮುಂಬದಿಯ ಒಳಮೈ, ಇಷ್ಟಕ್ಕೂ ಅರ್ಧರ್ಧ ಇಂಚಿಗೆ ಒಂದರಂತೆ, ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಆಳಕ್ಕೆ ಹೋಗದಂತೆ, ಅಡ್ಡ ಗೀರುಗಳನ್ನು ಎಳೆಯಬೇಕು. ವೃತ್ತಾಕಾರದ ವಿದ್ಯುತ್ ಗರಗಸದ ಅಲಗನ್ನು ಅಷ್ಟೇ ಆಳಕ್ಕೆ ಇಳಿಸಿಟ್ಟುಕೊಂಡು, ಪಟ್ಟಿಯೊಂದನ್ನು ಆಧಾರವಾಗಿ ಹಿಡಿದು ಎಳೆದರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ನಾನು ಮೊದಲ ಸಲ ಸಮಯ ಉಳಿಸಲೆಂದು ಪ್ಲಾಸ್ಟಿಕ್ ಬಲೆಯನ್ನು ಪಿನ್ನು ಹೊಡೆದು ಅಂಟಿಸಿದ್ದೆ. ಎರಡನೆಯ ಬೇಸಿಗೆಗೆ ಆ ಬಲೆ ಬಿಸಿಗೆ ಸೊಟ್ಟಗಾಗಿ ಖಾನೆಯೊಳಗೆ ಉಬ್ಬಿಕೊಂಡಿತ್ತು. ಬಾವಲಿಗಳು ಇದ್ದಿದ್ದರೆ ಅದರಲ್ಲಿ ಸಿಕ್ಕಿಹಾಕಿಕೊಂಡು ಸಾಯುತ್ತಿದ್ದವು ಎಂದು ನೆನೆದರೆ ಈಗಲೂ ಮನಸ್ಸು ಕಸಿವಿಸಿಗೊಳ್ಳುತ್ತದೆ. ಲೋಹದ ಬಲೆಯಂತೂ ರೆಕ್ಕೆಯ ತೊಗಲನ್ನು ಹರಿಯುತ್ತದೆ. ಗೀರು ಎಳೆದ ಮರಕ್ಕೆ ಸಮನಾದದ್ದು ಬೇರೊಂದಿಲ್ಲ.

ಜೋಡಣೆ ಸುಲಭ. ಹಿಂಬದಿಯ ಹಲಗೆಯನ್ನು ಮಲಗಿಸಿ, ಮೇಲಂಚಿಗೆ ಸರಿಯಾಗಿ ಎರಡು ಪಕ್ಕಕ್ಕೂ ಒಂದೊಂದು ರೀಪು ಕೂರಿಸಿ, ಅದರ ಮೇಲೆ ನಡುಹಲಗೆ, ಮತ್ತೆ ಎರಡು ರೀಪು, ಮತ್ತೆ ನಡುಹಲಗೆ, ಹೀಗೆ ಒಂದರ ಮೇಲೊಂದು ಪದರ ಹಾಕುತ್ತ ಕೊನೆಗೆ ಮುಂಬದಿಯ ಎರಡು ತುಂಡುಗಳನ್ನು ಹೊದಿಸಬೇಕು. ಪ್ರತಿ ಪದರವನ್ನೂ ತುಕ್ಕು ಹಿಡಿಯದ ಸ್ಕ್ರೂಗಳಿಂದ ಬಿಗಿಯಬೇಕು. ಮೊಳೆ ಹೊಡೆದರೆ ಎರಡು ಮಳೆಗಾಲದಲ್ಲಿ ಸಡಿಲವಾಗುತ್ತದೆ. ಯಾವ ಸ್ಕ್ರೂವಿನ ಮೊನೆಯೂ ಖಾನೆಯೊಳಗೆ ಇಣುಕದಂತೆ ಉದ್ದವನ್ನು ಆರಿಸಿಕೊಳ್ಳಬೇಕು. ಆಗ ಮುಕ್ಕಾಲು ಇಂಚು ಅಗಲದ ನಾಲ್ಕು ಸಂದುಗಳು, ಒಳಗೆ 21 ಇಂಚಿನ ಹರವು, ಕೆಳಗೆ ಹಿಂಬದಿಯ ಹಲಗೆ ಆರು ಇಂಚು ಹೊರಗೆ ಇಳಿದಿರುವ ಗೂಡು ಸಿದ್ಧವಾಗುತ್ತದೆ. ಹೊರಗೆ ಇಳಿದಿರುವ ಆ ಗೀರು ಹಾಕಿದ ಭಾಗವೇ ಬಾವಲಿಗಳು ಬಂದಿಳಿಯುವ ಜಗಲಿ. ಗೂಡಿಗೆ ತಳ ಹಾಕಕೂಡದು: ತೆರೆದ ತಳದಿಂದ ಹಿಕ್ಕೆ ತಾನಾಗಿ ಬಿದ್ದುಹೋಗುತ್ತದೆ, ಹಕ್ಕಿ ಮತ್ತು ಇಲಿ ಗೂಡುಕಟ್ಟಲಾರವು.

ಮುಕ್ಕಾಲು ಇಂಚು ಎಂಬ ಅಳತೆಯನ್ನು ಏಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಅದನ್ನು ಬಾವಲಿಗಳೇ ಮನುಷ್ಯರಿಗೆ ಕಲಿಸಿದವು. ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ 1980ರಲ್ಲಿ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು ನವೀಕರಿಸಿದಾಗ, ಅದರ ಅಡಿಯಲ್ಲಿ ಮುಕ್ಕಾಲರಿಂದ ಒಂದು ಇಂಚು ಅಗಲ, 16 ಇಂಚು ಆಳದ ಸಂದುಗಳು ಉಳಿದವು. ಬಾವಲಿಗಳಿಗೆಂದು ಯಾರೂ ಯೋಚಿಸಿರಲಿಲ್ಲ. ಇಂದು ಬೇಸಿಗೆಯ ಕೊನೆಯಲ್ಲಿ ಅಲ್ಲಿ 15 ಲಕ್ಷದವರೆಗೆ ಬಾವಲಿಗಳಿರುತ್ತವೆ. ಸಂದು ಇದಕ್ಕಿಂತ ಅಗಲವಾದರೆ ಕಣಜಗಳು ಗೂಡು ಕಟ್ಟುತ್ತವೆ, ಬಾವಲಿಗೆ ಬೆನ್ನಿನ ಆಸರೆ ತಪ್ಪುತ್ತದೆ. ಕಿರಿದಾದರೆ ಮರಿಯನ್ನು ಅಪ್ಪಿಕೊಂಡ ತಾಯಿ ಹಿಡಿಸುವುದಿಲ್ಲ.

ಮೇಲ್ಭಾಗದ ಬಿರುಕುಗಳನ್ನೆಲ್ಲ ನೀರಿನ ಆಧಾರದ, ಬಿರುಕು ತುಂಬುವ ಅಕ್ರಿಲಿಕ್ ಅಂಟಿನಿಂದ ಮುಚ್ಚಬೇಕು. ಬಿಸಿಗಾಳಿ ಮೇಲಿನಿಂದ ಸೋರಿಹೋದರೆ ಗೂಡು ಕಟ್ಟಿದ ಉದ್ದೇಶವೇ ಕೆಡುತ್ತದೆ. ಮುಂದಕ್ಕೂ ಪಕ್ಕಗಳಿಗೂ ಎರಡು ಮೂರು ಇಂಚು ಸೂರು ಚಾಚುವ ಹಾಗೆ ಮಾಡು ಹೊದಿಸಿ, ಅದರ ಮೇಲೆ ತಗಡು ಬಡಿಯಬೇಕು. ಹೊರಮೈಗೆ ನೀರು ಬೆರೆಸುವ ಬಣ್ಣವನ್ನು ಮೂರು ಸಲ ಹಚ್ಚಬೇಕು. ಎಣ್ಣೆಯ ಬಣ್ಣ ಬೇಡ. ಒಳಗೆ ಬಣ್ಣ ತುಂಬಿದರೆ ಗೀರುಗಳು ಮುಚ್ಚಿಹೋಗುತ್ತವೆಯಾದ್ದರಿಂದ ಅಲ್ಲಿ ನೀರಾಗಿರುವ ಗಾಢ ಬಣ್ಣದ ಸ್ಟೇನ್, ಅಂದರೆ ಮರ ಹೀರಿಕೊಳ್ಳುವ ತೆಳುಬಣ್ಣ, ಸಾಕು. ಹೊರಗಿನ ಬಣ್ಣ ಊರಿನ ಬಿಸಿಲಿಗೆ ತಕ್ಕಂತಿರಬೇಕು. ಜುಲೈ ಮಧ್ಯಾಹ್ನದ ಸರಾಸರಿ ಉಷ್ಣತೆ 29 ಡಿಗ್ರಿಗಿಂತ ಕಡಿಮೆಯಿರುವ ಉತ್ತರದ ಊರುಗಳಲ್ಲಿ ಕಪ್ಪು, ನಮ್ಮಂಥ 33 ಡಿಗ್ರಿಯ ಊರಿನಲ್ಲಿ ನಡುಮಟ್ಟದ ಕಂದು ಅಥವಾ ಬೂದು, 38 ಡಿಗ್ರಿ ದಾಟುವ ಕಡೆ ಬಿಳಿ. ಅಂತರ್ಜಾಲದಲ್ಲಿ ಸಿಕ್ಕಿದ ಚಿತ್ರದ ಬಣ್ಣವನ್ನು ನೋಡಿ ಹಚ್ಚಿದವರ ಗೂಡುಗಳು ಸುಡುವುದನ್ನೂ ನಾನು ಕಂಡಿದ್ದೇನೆ.

ನಿಲ್ಲಿಸುವ ಜಾಗ

ಗೂಡು ಎಷ್ಟೇ ಚೆನ್ನಾಗಿದ್ದರೂ ಜಾಗ ತಪ್ಪಿದರೆ ಎಲ್ಲವೂ ವ್ಯರ್ಥ. ಇದಕ್ಕೆ ಫ್ಲಾರಿಡಾದಲ್ಲೇ ಪ್ರಸಿದ್ಧವಾದ ಉದಾಹರಣೆಯಿದೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದ ಚಾರ್ಲ್ಸ್ ಕ್ಯಾಂಪ್‌ಬೆಲ್ ಎಂಬ ವೈದ್ಯರು ಮಲೇರಿಯಾದ ಸೊಳ್ಳೆಗಳನ್ನು ಬಾವಲಿಗಳಿಂದ ತಗ್ಗಿಸುವ ಆಸೆಯಿಂದ ವರ್ಷಗಟ್ಟಲೆ ಪ್ರಯೋಗ ಮಾಡಿ, ಕೆಲವು ಸೋಲುಗಳ ನಂತರ, 1911ರಲ್ಲಿ ಮಿಚೆಲ್ ಕೆರೆಯ ಬಳಿ ಕಟ್ಟಿಸಿದ ಬಾವಲಿ ಗೋಪುರದಲ್ಲಿ ಯಶಸ್ಸು ಕಂಡರು. 1918ರಲ್ಲಿ ಅದೇ ರಾಜ್ಯದ ಕಂಫರ್ಟ್ ಎಂಬ ಊರಿನಲ್ಲಿ ಕಟ್ಟಿದ ಗೋಪುರ ಇಂದಿಗೂ ನಿಂತಿದೆ. ಆದರೆ ಅವರದೇ ವಿನ್ಯಾಸದಂತೆ 1929ರಲ್ಲಿ ಫ್ಲಾರಿಡಾದ ದಕ್ಷಿಣ ತುದಿಯ ಶುಗರ್‌ಲೋಫ್ ಕೀ ದ್ವೀಪದಲ್ಲಿ ರಿಕ್ಟರ್ ಪರ್ಕಿ ಎಂಬವರು ಕಟ್ಟಿಸಿದ ಗೋಪುರಕ್ಕೆ ಬಾವಲಿಗಳು ಬಂದು ನೆಲೆಸಲೇ ಇಲ್ಲ. ಅದು ಖಾಲಿಯಾಗಿಯೇ ನಿಂತಿದ್ದು, 2017ರ ಇರ್ಮಾ ಚಂಡಮಾರುತಕ್ಕೆ ಉರುಳಿಬಿತ್ತು. ಒಂದೇ ನಕ್ಷೆ, ಜಾಗ ಬೇರೆ, ಫಲ ಬೇರೆ.

ನನ್ನ ಮೊದಲ ತಪ್ಪೂ ಇದೇ ಬಗೆಯದು. ಹಿತ್ತಿಲಿನ ದೊಡ್ಡ ಓಕ್ ಮರದ ಕಾಂಡಕ್ಕೆ ಗೂಡನ್ನು ಬಿಗಿದಿದ್ದೆ. ನೋಡಲು ಸಹಜವಾಗಿ ಕಾಣುತ್ತಿತ್ತು. ಮೂರು ವರ್ಷ ಅದರೊಳಗೆ ಕಣಜ, ಜೇಡ, ಒಮ್ಮೆ ಒಂದು ಮರಗಪ್ಪೆ ಬಿಟ್ಟರೆ ಬೇರೇನೂ ಸೇರಲಿಲ್ಲ. ಮರದ ನೆರಳಿನಲ್ಲಿ ಗೂಡು ಬಿಸಿಯಾಗುವುದಿಲ್ಲ, ಕೊಂಬೆಗಳು ಹಾರುವ ದಾರಿಗೆ ಅಡ್ಡವಾಗುತ್ತವೆ, ಹಾವು ಮತ್ತು ಗೂಬೆಗೆ ಅದೇ ಏಣಿಯಾಗುತ್ತದೆ. ಅದೇ ಗೂಡನ್ನು ಕೆಳಗಿಳಿಸಿ, ಮರಗಳಿಂದ 25 ಅಡಿ ದೂರದ ಬಯಲಿನಲ್ಲಿ ಕಬ್ಬಿಣದ ಕಂಬದ ಮೇಲೆ ಏರಿಸಿದ ಮೇಲೆ ಎರಡನೆಯ ವಸಂತದಲ್ಲಿ ಬಾವಲಿಗಳು ಬಂದವು.

ಕಂಬಕ್ಕೆ ನಾಲ್ಕು ಇಂಚಿನ ಉಕ್ಕಿನ ಕೊಳವೆ, 20 ಅಡಿ ಉದ್ದದ್ದು ಆದರೆ ಒಳ್ಳೆಯದು. ನಾಲ್ಕಡಿ ನೆಲದೊಳಗೆ ಹೂತು ಕಾಂಕ್ರೀಟ್ ತುಂಬಿದರೆ ಗೂಡಿನ ತಳ 12 ಅಡಿಗಿಂತ ಮೇಲಿರುತ್ತದೆ. ಬಾಲದ ಬಾವಲಿಗಳು ನೆಲದಿಂದಾಗಲಿ ಕುಳಿತಲ್ಲಿಂದಾಗಲಿ ಹಕ್ಕಿಯಂತೆ ಚಿಮ್ಮಿ ಹಾರಲಾರವು. ಕೆಳಗೆ ಬೀಳುತ್ತ ವೇಗ ಪಡೆದು ರೆಕ್ಕೆ ಬಿಚ್ಚುತ್ತವೆ, ಆದ್ದರಿಂದ ಗೂಡಿನ ಕೆಳಗೆ ಪೊದೆಯಾಗಲಿ ಬೇಲಿಯಾಗಲಿ ಇರಕೂಡದು. ಅಮೆರಿಕದಲ್ಲಿ ಗುಂಡಿ ತೋಡುವ ಕೆಲವು ದಿನ ಮೊದಲು 811 ಸಂಖ್ಯೆಗೆ ಕರೆ ಮಾಡಿ, ನೆಲದಡಿಯ ವಿದ್ಯುತ್ ಮತ್ತು ಅನಿಲದ ಕೊಳವೆಗಳನ್ನು ಗುರುತು ಹಾಕಿಸಿಕೊಳ್ಳಬೇಕು. ಕಂಬಕ್ಕೆ ನಡುವೆ ಒಂದೆರಡು ಅಡಿ ಎತ್ತರಕ್ಕೆ ನುಣುಪಾದ ತಗಡನ್ನು ಅಗಲವಾಗಿ ಸುತ್ತಿದರೆ ಇಲಿಹಾವುಗಳು ಹತ್ತಲಾರವು.

ಒಂದೇ ಕಂಬದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಎರಡು ಗೂಡುಗಳನ್ನು ಕೂರಿಸುವುದು ಇನ್ನೂ ಉತ್ತಮ. ಒಂದು ಆಗ್ನೇಯಕ್ಕೂ ಇನ್ನೊಂದು ವಾಯವ್ಯಕ್ಕೂ ಮುಖಮಾಡಿರಲಿ, ಎರಡಕ್ಕೂ ಸೇರಿ ಒಂದೇ ಮಾಡು ಇರಲಿ, ನಡುವೆ ಮುಕ್ಕಾಲು ಇಂಚು ಸಂದು ಬಿಟ್ಟರೆ ಅದೂ ಒಂದು ಖಾನೆಯಾಗುತ್ತದೆ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳಬೇಕು. ಬೆಳಗಿನ ಬಿಸಿಲು ಬೇಗ ತಾಗಿದಷ್ಟೂ ಮರಿಗಳಿಗೆ ಹಿತ. ಕಾಲು ಮೈಲಿಯೊಳಗೆ ಕೆರೆಯೋ ಹೊಳೆಯೋ ಇದ್ದರೆ ಬಾವಲಿಗಳು ಬರುವ ಸಂಭವ ಹೆಚ್ಚು. ಬೀದಿದೀಪದ ಅಥವಾ ಅಂಗಳದ ದೀಪದ ಬೆಳಕು ಗೂಡಿನ ಮೇಲೆ ಬೀಳಬಾರದು. ಕಂಬ ನಿಲ್ಲಿಸಲು ಜಾಗವಿಲ್ಲದವರು ಇಟ್ಟಿಗೆಯ ಅಥವಾ ಕಲ್ಲಿನ ಗೋಡೆಗೆ, ಸೂರಿನ ಕೆಳಗೆ ಬಿಗಿಯಬಹುದು. ಗೋಡೆ ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಆದರೆ ಕಿಟಕಿ ಬಾಗಿಲುಗಳ ನೇರ ಮೇಲೆ ಬೇಡ.

ಇನ್ನೂ ದೊಡ್ಡದು ಕಟ್ಟುವವರಿಗೆ

ಶಾಲೆ, ಉದ್ಯಾನ ಅಥವಾ ಸಾವಯವ ತೋಟದವರು ಸಾವಿರಾರು ಬಾವಲಿಗಳಿಗೆ ಕಟ್ಟಬೇಕೆಂದರೆ, ನಾಲ್ಕು ಕಂಬದ ಮೇಲೆ ಮಾಡು ಹೊದಿಸಿ, ಅದರ ಕೆಳಗೆ ಮೇಲೆ ಹೇಳಿದಂಥ ಸಂದುಗಳ ಕಟ್ಟುಗಳನ್ನು ಸಾಲಾಗಿ ತೂಗುಹಾಕಬೇಕು. ಇಲ್ಲಿ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಭಾರ. ಬಾಲದ ಬಾವಲಿಯೊಂದರ ಹನ್ನೆರಡು ಗ್ರಾಂ ಎಂದರೆ ಏನೂ ಅಲ್ಲವೆನಿಸುತ್ತದೆ. ಹತ್ತು ಸಾವಿರ ಬಾವಲಿಗಳೆಂದರೆ 120 ಕಿಲೋ, ಒಂದು ಲಕ್ಷವೆಂದರೆ 1,200 ಕಿಲೋ, ಅದೂ ಮೂತ್ರದಿಂದ ಸದಾ ತೊಯ್ದಿರುವ ಮರದ ಮೇಲೆ. 2009ರ ಆಗಸ್ಟ್‌ನಲ್ಲಿ ಗೇನ್ಸ್‌ವಿಲ್‌ನ ಮೊದಲ ಗೂಡಿನ ಒಳಗಿನ ಕಟ್ಟುಗಳು ಕುಸಿದು ಬಹಳಷ್ಟು ಬಾವಲಿಗಳು ಸತ್ತವು. ಪಕ್ಕದಲ್ಲೇ ಇನ್ನೊಂದು ಗೂಡನ್ನು ಕಟ್ಟಿ 2010ರಲ್ಲಿ ಮುಗಿಸಿದರು. ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು: ಪ್ರತಿಯೊಂದು ಕಟ್ಟೂ ತನ್ನದೇ ಉಕ್ಕಿನ ಆಧಾರದ ಮೇಲೆ ನಿಲ್ಲಬೇಕು, ಒಂದು ಕೊಳೆತರೆ ಇನ್ನೊಂದಕ್ಕೆ ಭಾರ ಬೀಳಬಾರದು, ಚಳಿಗಾಲದಲ್ಲಿ ಬಾವಲಿಗಳಿಲ್ಲದ ಕಟ್ಟನ್ನು ಬಿಚ್ಚಿ ಬದಲಿಸುವಂತಿರಬೇಕು, ಮತ್ತು ಮೊದಲನೆಯದು ತುಂಬುವ ಮುಂಚೆಯೇ ಎರಡನೆಯದಕ್ಕೆ ಜಾಗ ಕಾದಿರಿಸಬೇಕು. ಇದರ ನಕ್ಷೆಯನ್ನು ಕಟ್ಟಡದ ಎಂಜಿನಿಯರೊಬ್ಬರಿಗೆ ತೋರಿಸದೆ ಮುಂದುವರಿಯಬಾರದು.

ತೋಟಕ್ಕೆ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಸ್ಪೇನಿನ ಎಬ್ರೊ ನದೀಮುಖಜ ಭೂಮಿಯ ಭತ್ತದ ಗದ್ದೆಗಳನ್ನು ತೋರಿಸಬಹುದು. ಅಲ್ಲಿ ಗದ್ದೆಗಳ ನಡುವೆ ಬಾವಲಿ ಪೆಟ್ಟಿಗೆಗಳನ್ನು ಇಟ್ಟ ಮೇಲೆ ಅವುಗಳಲ್ಲಿ ಸಣ್ಣ ಪಿಪಿಸ್ಟ್ರೆಲ್ ಬಾವಲಿಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿ, ಭತ್ತದ ಕಾಂಡಕೊರಕದ ಪತಂಗಗಳ ಹಾವಳಿ ಇಳಿಯಲು ನೆರವಾದವು. ಸೊಳ್ಳೆಯೇ ಇಲ್ಲದಂತಾಗುತ್ತದೆ ಎಂದು ಮಾತ್ರ ನಂಬಿ ಕಟ್ಟಬೇಡಿ. ಬಾವಲಿಗಳು ಸೊಳ್ಳೆಯನ್ನು ತಿನ್ನುತ್ತವೆ, ಆದರೆ ಪತಂಗ ಮತ್ತು ಜೀರುಂಡೆ ಸಿಕ್ಕುವಾಗ ಅವನ್ನು ಬಿಟ್ಟು ಸೊಳ್ಳೆಯ ಹಿಂದೆಯೇ ಬೀಳುವುದಿಲ್ಲ.

ಕಾಯುವುದು

ಬಾವಲಿಗಳನ್ನು ಸೆಳೆಯುವ ಮದ್ದು ಯಾವುದೂ ಇಲ್ಲ. ಹಿಕ್ಕೆಯನ್ನು ಗೂಡಿನೊಳಗೆ ಬಳಿಯುವುದು, ಬಾಟಲಿಯಲ್ಲಿ ಮಾರುವ ವಾಸನೆಯ ದ್ರವವನ್ನು ಸಿಂಪಡಿಸುವುದು, ಇವುಗಳಿಗೆ ಹಣ ಹಾಕಬೇಡಿ. ಹಿತ್ತಿಲಿನಲ್ಲಿ ಕೀಟನಾಶಕ ನಿಲ್ಲಿಸುವುದು, ಸಂಜೆ ಅರಳುವ ಸ್ಥಳೀಯ ಹೂಗಿಡಗಳನ್ನು ಬೆಳೆಸುವುದು, ಕೊಳವಿದ್ದರೆ ಅದರ ಮೇಲೆ ಹಾರುತ್ತಲೇ ನೀರು ಕುಡಿಯಲು ಬೇಕಾದ ತೆರವನ್ನು ಉಳಿಸುವುದು, ಇಷ್ಟು ನಿಜವಾಗಿ ನೆರವಾಗುತ್ತವೆ. ಗೂಡನ್ನು ಚಳಿಗಾಲ ಮುಗಿಯುವ ಮೊದಲೇ ನಿಲ್ಲಿಸಿದರೆ ವಸಂತದಲ್ಲಿ ನೆಲೆ ಹುಡುಕುವ ಹೆಣ್ಣುಗಳ ಕಣ್ಣಿಗೆ ಬೀಳುತ್ತದೆ. ಮನೆಯ ಅಟ್ಟದಿಂದ ಬಾವಲಿಗಳನ್ನು ಹೊರಹಾಕಬೇಕಾದವರು ಹೊರಗೆ ಗೂಡು ನಿಲ್ಲಿಸಿ ಕೆಲವು ತಿಂಗಳಾದ ಮೇಲೆ ಆ ಕೆಲಸಕ್ಕೆ ಕೈಹಾಕಬೇಕು. ಫ್ಲಾರಿಡಾದಲ್ಲಿ ಏಪ್ರಿಲ್ 16ರಿಂದ ಆಗಸ್ಟ್ 14ರವರೆಗೆ, ಹಾರಲಾರದ ಮರಿಗಳಿರುವ ಕಾಲದಲ್ಲಿ, ಹಾಗೆ ಹೊರಹಾಕುವುದು ಕಾನೂನಿಗೆ ವಿರುದ್ಧ. ಮೂರು ವರ್ಷವಾದರೂ ಬಾರದಿದ್ದರೆ ಗೂಡನ್ನು ಒಡೆಯಬೇಡಿ, ಜಾಗ ಬದಲಿಸಿ ನೋಡಿ.

ಬಂದಿವೆಯೇ ಎಂದು ತಿಳಿಯಲು ಗೂಡಿನ ಕೆಳಗಿನ ನೆಲವನ್ನು ನೋಡಿದರೆ ಸಾಕು. ನನಗೆ ಮೊದಲು ಸಿಕ್ಕಿದ್ದು ಕಂಬದ ಬುಡದ ಕಾಂಕ್ರೀಟಿನ ಮೇಲೆ ಬಿದ್ದಿದ್ದ ಏಳು ಕಪ್ಪು ಹಿಕ್ಕೆಗಳು, ಒಂದೊಂದೂ ಅಕ್ಕಿಕಾಳಿನಷ್ಟು. ಹಲ್ಲಿಯದಾದರೆ ತುದಿಯಲ್ಲಿ ಬಿಳಿ ಚುಕ್ಕೆಯಿರುತ್ತದೆ, ಇಲಿಯದಾದರೆ ಒಣಗಿ ಗಟ್ಟಿಯಾಗಿರುತ್ತದೆ. ಇವನ್ನು ಕೈಗವಸು ತೊಟ್ಟು ಬೆರಳಲ್ಲಿ ಒತ್ತಿದಾಗ ಪುಡಿಯಾಗಿ, ಆ ಪುಡಿಯೊಳಗೆ ಜೀರುಂಡೆಯ ರೆಕ್ಕೆಯ ಚೂರುಗಳು ಮಿನುಗಿದವು. ಅಂದು ಸಂಜೆ ಗೂಡಿನ ಕೆಳಗೆ ನಿಂತಾಗ ಒಳಗಿನಿಂದ ಒಣಎಲೆ ಸರಿದಂಥ ಸದ್ದೂ ಸಣ್ಣ ಚಿಲಿಪಿಲಿಯೂ ಕೇಳಿಸಿತು. ಬಂದ ಮೇಲೆ ಟಾರ್ಚ್ ಬಿಡುವುದನ್ನು ಕಡಿಮೆ ಮಾಡಬೇಕು, ಮರಿಗಳ ಕಾಲದಲ್ಲಿ ಬಿಡಲೇಬಾರದು. ಕಣಜದ ಹುಟ್ಟುಗಳನ್ನು ಜನವರಿಯಲ್ಲಿ, ಗೂಡು ಖಾಲಿಯಿರುವುದನ್ನು ಖಚಿತಪಡಿಸಿಕೊಂಡು, ಉದ್ದ ಕೋಲಿನಿಂದ ಕೆರೆದು ತೆಗೆಯಬೇಕು.

ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಿಂದ ಮುಟ್ಟಬಾರದು. ಈ ಮಾತನ್ನು ಮನೆಯ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು. ರೇಬಿಸ್ ತಗುಲಿದ ಬಾವಲಿಗಳು ಅಪರೂಪ, ಆದರೆ ಹಾರಲಾರದೆ ಬಿದ್ದಿರುವುದು ಅಂಥದ್ದಾಗಿರಬಹುದು. ಕಚ್ಚಿದ ಗುರುತು ಕಾಣದಷ್ಟು ಸಣ್ಣದಿರುತ್ತದೆ. ಮೈಗೆ ತಾಗಿದ್ದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಒಣ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಶಿಲೀಂಧ್ರವಿರಬಹುದಾದ್ದರಿಂದ, ಗೊಬ್ಬರಕ್ಕೆಂದು ಬಾಚುವ ಮುಂಚೆ ನೀರು ಚಿಮುಕಿಸಿ, ಎನ್‌-95 ಮುಖಗವಸು ಧರಿಸಬೇಕು.

ಊರಿನಲ್ಲಿ ಕಟ್ಟುವವರಿಗೆ

ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆಯಲ್ಲಿ ಮುಸ್ಸಂಜೆಗೆ ಹಂಚಿನ ಸಂದಿನಿಂದ ಸಣ್ಣ ಬಾವಲಿಗಳು ಒಂದೊಂದಾಗಿ ಜಾರಿ ಅಡಿಕೆ ತೋಟದ ಮೇಲೆ ಹೋಗುತ್ತಿದ್ದವು. ಈಗ ಆ ಮನೆಗೆ ತಾರಸಿ ಬಂದಿದೆ, ಸಂದುಗಳಿಲ್ಲ. ಕರ್ನಾಟಕದಲ್ಲಿ ಸಂದುಗಳಲ್ಲಿ ವಾಸಿಸುವ ಪಿಪಿಸ್ಟ್ರೆಲ್ ಬಾವಲಿಗಳೂ ಹಳದಿ ಹೊಟ್ಟೆಯ ಮನೆಬಾವಲಿಗಳೂ ಇರುವುದರಿಂದ ಇದೇ ಗೂಡನ್ನು ಅಲ್ಲಿಯೂ ಪ್ರಯತ್ನಿಸಬಹುದು, ಆದರೆ ಅಲ್ಲಿನ ಬಿಸಿಲು ಮಳೆಗೆ ತಕ್ಕಂತೆ ಬದಲಿಸಿಕೊಂಡು. ಅಲ್ಲಿ ಕಡುಬೇಸಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ; ಬಣ್ಣವನ್ನು ಆ ತಿಂಗಳುಗಳ ಮಧ್ಯಾಹ್ನದ ಬಿಸಿಲು ನೋಡಿ ಆರಿಸಬೇಕೇ ಹೊರತು ಜುಲೈಯನ್ನು ನೋಡಿ ಅಲ್ಲ. ಕಲಬುರಗಿ, ರಾಯಚೂರಿನ ಕಡೆ ಬಿಳಿ ಬಣ್ಣವೂ ಮಧ್ಯಾಹ್ನದ ನಂತರ ನೆರಳೂ ಬೇಕಾಗುತ್ತದೆ. ಮಲೆನಾಡಿನಲ್ಲಿ ಸೂರನ್ನು ಐದಾರು ಇಂಚು ಚಾಚಿ, ಮಳೆ ಹೊಡೆಯುವ ನೈರುತ್ಯ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಿಸಬೇಕು. ಗೆದ್ದಲು ಹಿಡಿಯದಂತೆ ಕಂಬ ಕಬ್ಬಿಣದ್ದೇ ಆಗಬೇಕು. ಮನೆಯ ಮೇಲೆ ಹಳೆಯ ಹಂಚು ಇನ್ನೂ ಇರುವವರು ಅದರ ಸಂದುಗಳನ್ನು ಸಿಮೆಂಟಿನಿಂದ ಮುಚ್ಚದೆ ಬಿಟ್ಟರೆ ಯಾವ ಹೊಸ ಗೂಡಿಗಿಂತಲೂ ಹೆಚ್ಚಿನ ಉಪಕಾರವಾಗುತ್ತದೆ.

ಗೂಡು ತುಂಬಿದ ಮೇಲೆ ವರ್ಷಕ್ಕೆ ಎರಡು ಸಲ ಎಣಿಸುವುದನ್ನು ರೂಢಿಸಿಕೊಳ್ಳಬೇಕು. ಸೂರ್ಯ ಮುಳುಗುವ ಹೊತ್ತಿಗೆ ಪಶ್ಚಿಮದ ಬೆಳಕು ಗೂಡಿನ ಹಿಂದಿರುವಂತೆ ಅದರಿಂದ ಇಪ್ಪತ್ತಡಿ ದೂರ ಕುಳಿತು, ಹೊರಬೀಳುವ ಪ್ರತಿ ಹತ್ತು ಬಾವಲಿಗೆ ಕಾಗದದ ಮೇಲೆ ಒಂದು ಗೀಟು ಹಾಕುತ್ತ ಹೋಗಬೇಕು. ಒಳಗೆ ಮರಳಿದವನ್ನು ಕಳೆಯಬೇಕು. ಇಲ್ಲಿ ನಾನು ಮೇ ಕೊನೆಯಲ್ಲಿ ಒಮ್ಮೆ, ಮರಿಗಳು ಹಾರಲು ಕಲಿತ ಜುಲೈ ಕೊನೆಯಲ್ಲಿ ಇನ್ನೊಮ್ಮೆ ಎಣಿಸುತ್ತೇನೆ. ಕಳೆದ ಬೇಸಿಗೆಯ ಮೊದಲ ಎಣಿಕೆ 140, ಎರಡನೆಯದು 231.